ಹನ್ನೊಂದು ದಿನ 3.2

ಬೆಳಿಗ್ಗೆಯಿಂದ ಕೋಪ ಇಳಿದಿಲ್ಲ. ಬರೆದರಾದರೂ ಇಳಿಯಬಹುದು ಅಂತ ಕೂತಿದ್ದೇನೆ.

ನನ್ನ ಕೆಲಸ ಚಿಮಣಿಗೆ ಕೂರಿಸಿದ ಲೇಸರ್ ಅನಲೈಸರ್‌ಗಳನ್ನು ನೋಡಿಕೊಳ್ಳುವುದು. ಒಂದು ಬದಿಯಿಂದ ಲೇಸರ್ ಬೆಳಕು ಹಾಯಿಸಿ, ಆಚೆ ಬದಿಯ ರಿಸೀವರ್‌ನಲ್ಲಿ ಹಿಡಿದು, ಹೊಗೆಯಲ್ಲಿ ಯಾವ ಅನಿಲ ಎಷ್ಟಿದೆ ಅಂತ ಅಳೆಯುವ ಉಪಕರಣ ಅದು. ಇವತ್ತು ಒಂದು ಕಾರ್ಖಾನೆಗೆ ಮಾಮೂಲಿ ತಪಾಸಣೆಗೆ ಹೋಗಿದ್ದೆ. ಕಂಟ್ರೋಲ್ ರೂಮ್ ಸ್ಕ್ರೀನ್‌ನಲ್ಲಿ ಅಮೋನಿಯಾ 3.2 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 3.2 ಪಾಲು. ಟ್ರೆಂಡ್ ಹಿಂದಕ್ಕೆ ಎಳೆದು ನೋಡಿದೆ. ನಿನ್ನೆ 3.2, ಮೊನ್ನೆಯೂ 3.2. ಹನ್ನೊಂದು ದಿನ, ಸ್ಕೇಲ್ ಇಟ್ಟು ಗೀಟು ಎಳೆದ ಹಾಗೆ. ಉರಿಯುತ್ತಿರುವ ಬಾಯ್ಲರ್‌ನ ಅನಿಲ ಹನ್ನೊಂದು ನಿಮಿಷ ಕೂಡ ಒಂದೇ ಸಮ ಇರುವುದಿಲ್ಲ.

ಮೇಲೆ ಹತ್ತಿದೆ. ವಾಲ್ವ್ ಮುಚ್ಚಿ ರಿಸೀವರ್ ಬಿಚ್ಚಿದೆ. ಬೆಳಕು ದಾಟಬೇಕಾದ ಗಾಜಿನ ಮೇಲೆ ಬೂದಿ ಗಟ್ಟಿಯಾಗಿ ಕೂತಿತ್ತು, ಉಗುರು ಹಾಕಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಗಾಜಿನ ಮುಂದೆ ಸದಾ ಗಾಳಿ ಊದುತ್ತಿರಬೇಕಾದ ಪರ್ಜ್ ಬ್ಲೋವರ್‌ನ ಫಿಲ್ಟರ್ ಕಟ್ಟಿಹೋಗಿತ್ತು. ಟ್ರಾನ್ಸ್‌ಮಿಷನ್ ಶೇ. 2. ಅಂದರೆ ನೂರು ಪಾಲು ಬೆಳಕು ಕಳಿಸಿದರೆ ಆಚೆ ಬದಿ ಮುಟ್ಟುತ್ತಿದ್ದದ್ದು ಎರಡೇ ಪಾಲು. ಅನಲೈಸರ್ ತನಗೆ ಕಾಣುತ್ತಿಲ್ಲ ಅಂತ ಅಲಾರಂ ಕೊಟ್ಟಿತ್ತು. ಆದರೆ ಅಲಾರಂ ಬಂದಾಗ ಕೊನೆಯ ರೀಡಿಂಗ್ ಹಾಗೇ ಹಿಡಿದಿಡು ಅಂತ ಯಾರೋ ಸೆಟ್ಟಿಂಗ್ ಮಾಡಿಟ್ಟಿದ್ದರು. ಕಣ್ಣು ಮುಚ್ಚಿದ ದಿನದ ನಂಬರೇ ಹನ್ನೊಂದು ದಿನ ರಿಪೋರ್ಟ್‌ಗೆ ಹೋಗಿದೆ.

ನನಗೆ ಇಷ್ಟು ಹೊಟ್ಟೆ ಉರಿಯುವುದಕ್ಕೆ ಕಾರಣ ಇದೆ. ಈ ತಂತ್ರ ಅಷ್ಟು ಚೆನ್ನಾಗಿದೆ. ಪ್ರತಿ ಅನಿಲಕ್ಕೂ ಅದು ನುಂಗುವ ಬೆಳಕು ಬೇರೆ. ಅಮೋನಿಯಾಕ್ಕೆ 1512 ನ್ಯಾನೋಮೀಟರ್ ಆಸುಪಾಸು, ಮೀಥೇನ್‌ಗೆ 1650ರ ಹತ್ತಿರ, ಆಮ್ಲಜನಕಕ್ಕೆ 760. ಲೇಸರ್‌ಗೆ ಕೊಡುವ ಕರೆಂಟ್ ಸ್ವಲ್ಪ ಸ್ವಲ್ಪ ಬದಲಿಸಿದರೆ ಅದರ ತರಂಗಾಂತರವೂ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಹಾಗೆ ಸರಿಯುತ್ತಾ ಅನಿಲ ನುಂಗುವ ತರಂಗಾಂತರವನ್ನು, ಅಂದರೆ ಅದರ ಗೆರೆಯನ್ನು ದಾಟುವಾಗ ಬೆಳಕಿನಲ್ಲಿ ಸಣ್ಣ ಗುಳಿ ಬೀಳುತ್ತದೆ. ಗುಳಿ ಎಷ್ಟು ಆಳವೋ ಅನಿಲ ಅಷ್ಟು. ಗುಳಿಯ ಅಕ್ಕಪಕ್ಕದ ಬೆಳಕು ನೋಡಿದರೆ ಧೂಳು ಎಷ್ಟು ತಿಂದಿದೆ ಅಂತಲೂ ತಿಳಿಯುತ್ತದೆ. ಹಾಗಾಗಿ ಅರ್ಧ ಬೆಳಕು ಧೂಳಿಗೆ ಹೋದರೂ ಲೆಕ್ಕ ತಪ್ಪುವುದಿಲ್ಲ. ಎಲ್ಲ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅನಿಲವನ್ನು ಪೈಪಿನಲ್ಲಿ ಕೆಳಗೆ ಎಳೆದು ಅಳೆಯುವಾಗ ಅಮೋನಿಯಾ ಪೈಪಿನ ಗೋಡೆಗೇ ಅಂಟಿಕೊಳ್ಳುತ್ತದೆ, ನೀರು ಕಟ್ಟಿದರೆ ಅದರಲ್ಲಿ ಕರಗಿಹೋಗುತ್ತದೆ. ಇಲ್ಲಿ ಆ ಗೋಳೇ ಇಲ್ಲ, ಚಿಮಣಿಯ ಒಳಗೇ ಅಳತೆ.

ಇಷ್ಟೆಲ್ಲ ಮಾಡುವ ಉಪಕರಣ ಕೇಳುವುದು ಏನು? ಎರಡು ಗಾಜು ಚೊಕ್ಕಟವಾಗಿರಬೇಕು, ಉಪಕರಣ ಕೂರಿಸಿದ ಎರಡು ಬದಿಯ ಫ್ಲ್ಯಾಂಜ್ ನೇರವಾಗಿರಬೇಕು. ಚಿಮಣಿ ಬಿಸಿಯಾಗಿ ಹಿಗ್ಗಿದಾಗ ಕಿರಣ ಚೂರು ಪಕ್ಕಕ್ಕೆ ಸರಿಯುತ್ತದೆ, ಆಗ ಯಾರಾದರೂ ಹತ್ತಿ ಅಲೈನ್‌ಮೆಂಟ್ ಸರಿಮಾಡಬೇಕು. ಅಷ್ಟೇ. ಲೇಸರ್ ತರಲು ಮೀಟಿಂಗ್ ಮೇಲೆ ಮೀಟಿಂಗ್ ಆಗುತ್ತದೆ. ಗಾಜು ಒರೆಸಲು ಒಬ್ಬರನ್ನು ಗೊತ್ತುಮಾಡುವುದಕ್ಕೆ ಯಾರೂ ಇಲ್ಲ.

ಈ ಮಾತು ಹೇಳಿದಾಗಲೆಲ್ಲ ಎರಡು ಉತ್ತರ ಬರುತ್ತವೆ. ಒಂದು, ಒಳಗೆ ರೆಫರೆನ್ಸ್ ಸೆಲ್ ಇದೆಯಲ್ಲ, ತನ್ನನ್ನು ತಾನೇ ಚೆಕ್ ಮಾಡಿಕೊಳ್ಳುತ್ತದೆ ಅಂತ. ನಿಜ. ಆ ಪುಟ್ಟ ಸೆಲ್‌ನಲ್ಲಿ ಅದೇ ಅನಿಲ ತುಂಬಿರುತ್ತದೆ, ಲೇಸರ್ ಸರಿಯಾದ ಗೆರೆ ಮೇಲೇ ಇದೆಯಾ ಅಂತ ಅದು ಹೇಳುತ್ತದೆ. ಆಚೆ ಬದಿಯ ಗಾಜಿನ ಮೇಲೆ ಬೂದಿ ಕೂತಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಇನ್ನೊಂದು, ಮಾಡೆಲ್ ಹಳೆಯದು, ಹೊಸದು ತರಿಸೋಣ ಅಂತ. 1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಅನ್ನುವ ಹೊಸ ಬಗೆಯ ಲೇಸರ್ ಬೆಳಗಿತು. ಅದರಿಂದಾಗಿ ನೈಟ್ರಿಕ್ ಆಕ್ಸೈಡ್, ಸಲ್ಫರ್ ಡೈಆಕ್ಸೈಡ್‌ಗಳನ್ನು ಅವು ಬೆಳಕನ್ನು ಹೆಚ್ಚು ನುಂಗುವ ಗೆರೆಯಲ್ಲೇ ಹಿಡಿಯಬಹುದು. ಅದನ್ನು ಕಂಡರೆ ನನಗೂ ಆಸೆಯೇ. ಆದರೆ ಚಿಮಣಿಗೆ ಅಡ್ಡ ಹಾಯಿಸಿದರೆ ಅದರ ಬೆಳಕೂ ಇದೇ ಗಾಜು ದಾಟಬೇಕು, ಅಲ್ವಾ?

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಥದ್ದೇ ನೇರ ಗೆರೆ ನೋಡಿ 'ಪ್ರೋಸೆಸ್ ಸ್ಟೆಡಿ' ಅಂತ ಬರೆದು ಸಹಿ ಹಾಕಿದ್ದೆ. ಮೇಲೆ ಹತ್ತಿರಲಿಲ್ಲ. ತಿಂಗಳಾದ ಮೇಲೆ ಇನ್ನೊಬ್ಬರು ಹತ್ತಿ ನೋಡಿದರು. ಆ ಸಹಿ ಈಗಲೂ ಕಣ್ಮುಂದೆ ಬರುತ್ತದೆ. ಆ ತಿಂಗಳು ಚಿಮಣಿಯಿಂದ ಏನು ಹೋಯಿತು ಅಂತ ಇನ್ನು ಯಾರೂ ಹೇಳಲಾರರು.

ಇವತ್ತು ಗಾಜು ಒರೆಸಿ, ಫಿಲ್ಟರ್ ಬದಲಿಸಿ, ಅಲೈನ್‌ಮೆಂಟ್ ಮಾಡಿ ವಾಲ್ವ್ ತೆರೆದೆ. ಸ್ಕ್ರೀನ್ ಮುಂದೆ ಶಿಫ್ಟ್‌ನ ಹುಡುಗ ಕೂತಿದ್ದ. ಫೋನಿನಲ್ಲಿ ಓದುತ್ತಾ ಹೋದ. "ಸರ್, 13... 14.6... 12.9... ಓಡ್ತಾ ಇದೆ ಸರ್." ನೈಟ್ರೋಜನ್ ಆಕ್ಸೈಡ್ ಇಳಿಸಲು ಅಮೋನಿಯಾ ಸಿಂಪಡಿಸುತ್ತಾರೆ. ಇನ್ನೂ 3.2 ತಾನೇ ಅಂತ ನಂಬಿ ಹನ್ನೊಂದು ದಿನ ಜಾಸ್ತಿ ಜಾಸ್ತಿ ಬಿಟ್ಟಿದ್ದಾರೆ. ಉಳಿದದ್ದು ಸುಮ್ನೆ ಆಕಾಶಕ್ಕೆ ಹೋಗಿದೆ.

ಹೊರಡುವ ಮುಂಚೆ ಅಲ್ಲಿನ ಮೇಲಧಿಕಾರಿಗೆ ಬರೆದು ಕೊಟ್ಟಿದ್ದೇನೆ: ಹಿಡಿದಿಡುವ ಸೆಟ್ಟಿಂಗ್ ತೆಗೆಯಿರಿ, ಪಿಪಿಎಂ ಪಕ್ಕದಲ್ಲೇ ಟ್ರಾನ್ಸ್‌ಮಿಷನ್ ತೋರಿಸಿ, ಅದು ಬಿದ್ದರೆ ನಂಬರ್ ಜಾಗ ಖಾಲಿ ಬಿಡಿ. "ನೋಡೋಣ" ಅಂದರು. ಕೆಳಗೆ ಬಂದಾಗ ಆ ಹುಡುಗ ಲಾಗ್‌ಬುಕ್ ಬರೆಯುತ್ತಿದ್ದ. ಟ್ರಾನ್ಸ್‌ಮಿಷನ್‌ಗೆ ಅದರಲ್ಲಿ ಕಾಲಂ ಇರಲಿಲ್ಲ. ಸ್ಕೇಲ್ ತೆಗೆದು ಪುಟದ ಅಂಚಿನಲ್ಲಿ ತಾನೇ ಒಂದು ಕಾಲಂ ಎಳೆದು, 91 ಅಂತ ಬರೆದ.