ಆಸ್ತಿ ಅವರದು, ಧೂಳು ನಮ್ಮದು

ಮೊನ್ನೆ ಮೊಬೈಲಿಗೊಂದು ಮೆಸೇಜು ಬಂತು. 'ಮಾನ್ಯ ಗ್ರಾಹಕರೇ, ತಮ್ಮಲ್ಲಿರುವ ರೂಟರ್ ಕಂಪನಿಯ ಆಸ್ತಿ. ಏಳು ದಿನದೊಳಗೆ ಹಿಂದಿರುಗಿಸದಿದ್ದರೆ 1,500 ರೂಪಾಯಿ ವಸೂಲು ಮಾಡಲಾಗುವುದು.' ಮೂವತ್ತು ವರ್ಷ ಬಾಡಿಗೆ ಮನೆಯಲ್ಲೇ ಕಳೆದವನು ನಾನು. ನಮ್ಮ ಸಜ್ಜಾ ಮೇಲೆ ದಸರಾ ಗೊಂಬೆ ಡಬ್ಬದ ಪಕ್ಕ ಒಂದು ಆಸ್ತಿ ಬಿದ್ದಿದೆ ಅಂತ ಅವತ್ತೇ ಗೊತ್ತಾಗಿದ್ದು.

ಈ ಕಥೆ ನಿಮ್ಮ ಮನೆಯದೂ ಹೌದು, ಹೆಚ್ಚು ವಿವರಿಸುವುದಿಲ್ಲ. ಇಂಟರ್‌ನೆಟ್ ಕನೆಕ್ಷನ್ ಕೊಡುವ ದಿನ ಇಬ್ಬರು ಹುಡುಗರು ಡ್ರಿಲ್ಲಿಂಗ್ ಮಷಿನ್ ಹಿಡಿದು ಮುಹೂರ್ತಕ್ಕೆ ಮುಂಚೆಯೇ ಬರುತ್ತಾರೆ. 'ರೂಟರ್ ಫ್ರೀ ಸಾರ್' ಅನ್ನುತ್ತಾರೆ. ಕಾಫಿ ಕೊಟ್ಟರೆ ಗೋಡೆಗೆ ಇನ್ನೊಂದು ತೂತನ್ನೂ ಫ್ರೀಯಾಗಿ ಕೊರೆಯುತ್ತಾರೆ. ಕನೆಕ್ಷನ್ ಬೇಡ ಅಂದ ದಿನ ಆ ಫ್ರೀ ವಸ್ತು ಕಂಪನಿ ಆಸ್ತಿಯಾಗುತ್ತದೆ. ತಗೊಂಡು ಹೋಗ್ರಪ್ಪ ಅಂದರೆ ಬರುವವರಿಲ್ಲ. ಎಂಟು ತಿಂಗಳಲ್ಲಿ ನಾನು ಆರು ಸಲ ಫೋನ್ ಮಾಡಿದ್ದೇನೆ. ಆರು ಸಲವೂ 'ಟಿಕೆಟ್ ರೈಸ್ ಆಗಿದೆ ಸಾರ್' ಅಂದರು. ಇಷ್ಟು ಟಿಕೆಟಿನಲ್ಲಿ ನಾನೇ ಕಾಶಿಗೆ ಹೋಗಿ ಅದನ್ನು ಗಂಗೆಯಲ್ಲಿ ಬಿಟ್ಟು ಬರಬಹುದಿತ್ತು.

ಗ್ಯಾಸ್ ಸಿಲಿಂಡರೂ ಕಂಪನಿಯದೇ, ರೆಗ್ಯುಲೇಟರೂ ಕಂಪನಿಯದೇ. ಆದರೆ ಅಲ್ಲೊಂದು ಮರ್ಯಾದೆ ಇದೆ. ಡಿಪಾಜಿಟ್ಟಿಗೆ ಚೀಟಿ ಕೊಡುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ಕೊಡುತ್ತಾರೆ. ನಮ್ಮ ತಾತನ ಕಾಲದ ಗೋಲಿಸೋಡದ ಅಂಗಡಿಯವನಿಗೂ ಖಾಲಿ ಬಾಟಲಿಯ ಲೆಕ್ಕ ಗೊತ್ತಿತ್ತು.

ನಮ್ಮದು ಏನನ್ನೂ ಎಸೆಯುವ ಮನೆಯಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಐಸ್‌ಕ್ರೀಮ್ ಡಬ್ಬದಲ್ಲಿ ದೋಸೆಹಿಟ್ಟು. ಹಳೇ ಸೀರೆ ಕೌದಿಯಾಯಿತು, ಬನಿಯನ್ನು ಸ್ಕೂಟರ್ ಒರೆಸುತ್ತದೆ, ಮಗಳ ಹಳೇ ಸಿಡಿಗಳು ಬಾಲ್ಕನಿಯಲ್ಲಿ ನೇತಾಡುತ್ತ ಪಾರಿವಾಳ ಓಡಿಸುತ್ತವೆ. ರೂಟರಿಗೂ ಒಂದು ಕೆಲಸ ಹುಡುಕೋಣ ಅಂತ ಮನೆಯವಳು ಇಳಿಸಿದಳು. ಆಂಟೆನಾಗೆ ಬೀಗದ ಕೈ ನೇತುಹಾಕಿದಳು. ಬೇಸಿಗೆಯ ಬೆಂಡೆಕಾಯಿಯ ಹಾಗೆ ಅದು ಬಗ್ಗಿತು. ಗಾಳಿಯಾಡಲೆಂದು ಮೇಲೆ ಬಿಟ್ಟ ಸೀಳುಗಳಿವೆಯಲ್ಲ, ಅದಕ್ಕೆ ಊದುಬತ್ತಿ ಸಿಗಿಸಿದಳು. ನಿಂತವು, ಎರಡೂ ನೆಟ್ಟಗೆ ನಿಂತವು. ಬತ್ತಿ ಬುಡಕ್ಕೆ ಬಂದಾಗ ಶ್ರೀಗಂಧದ ಜೊತೆ ಪ್ಲಾಸ್ಟಿಕ್ ಸುಟ್ಟ ಪರಿಮಳವೂ ಸೇರಿ ದೇವರ ಮನೆಯಿಂದ ನಮ್ಮಮ್ಮ ಕೆಮ್ಮುತ್ತ ಹೊರಬಂದರು. 'ಏನೋ ಅದು, ವೈರು ಸುಡ್ತಿದೆ ನೋಡೋ!'

ಆಗ ಕಂಪ್ಯೂಟರ್ ಕಲಿತ ನನ್ನ ಅಕ್ಕನ ಮಗ ಬಂದ. 'ಎಸೀಬೇಡಿ ಮಾಮ, ಇನ್ನೂ ಗಟ್ಟಿಮುಟ್ಟಾಗಿದೆ' ಅಂದ. ನಮ್ಮದು ರೈಲುಬೋಗಿಯಂಥ ಮನೆ. ಹಾಲಿನಲ್ಲಿ ಓಡುವ ವೈಫೈ ಅಡುಗೆಮನೆ ದಾಟುವಷ್ಟರಲ್ಲಿ ಏದುಸಿರು ಬಿಡುತ್ತದೆ, ಹಿಂದಿನ ರೂಮಿನಲ್ಲಿ ಪ್ರಾಣ ಬಿಡುತ್ತದೆ. ಅವನು ಹೇಳಿದ ಉಪಾಯ ಸರಳ. ಹಳೇ ರೂಟರಿನಲ್ಲಿ ಡಿಎಚ್‌ಸಿಪಿ ಆಫ್ ಮಾಡುವುದು, ಅಂದರೆ ಮನೆಯಲ್ಲಿ ವಿಳಾಸ ಹಂಚುವ ಯಜಮಾನರು ಇಬ್ಬರಾಗಬಾರದು. ಅದಕ್ಕೆ ಬೇರೆಯದೇ ಐಪಿ ವಿಳಾಸ ಕೊಡುವುದು. ಈಗಿನ ಕನೆಕ್ಷನ್ನಿನ ಹೊಸ ರೂಟರಿನ ಲ್ಯಾನ್ ಪೋರ್ಟಿನಿಂದ, ಅಂದರೆ ಕೇಬಲ್ ಚುಚ್ಚುವ ತೂತಿನಿಂದ, ಹಳೆಯದರ ಲ್ಯಾನ್ ಪೋರ್ಟಿಗೆ ಒಂದು ಕೇಬಲ್ ಎಳೆಯುವುದು. ಹಿಂದಿನ ರೂಮಿನಲ್ಲೂ ವೈಫೈ ಸಿದ್ಧ. ಖರ್ಚು ಕೇಬಲ್ಲಿನದು ಮಾತ್ರ.

ಹಳೇ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆಯಲು 192.168.1.1 ಅಂತ ಒತ್ತಿದ. ಪಾಸ್‌ವರ್ಡ್ ಕೇಳಿತು. ತಳದ ಚೀಟಿಯಲ್ಲಿದ್ದದ್ದು ಹಾಕಿದ, ಒಳಗೆ ಬಿಟ್ಟುಕೊಂಡಿತು. ಆದರೆ ನಮಗೆ ಬೇಕಾದ ಪುಟವೇ ಇಲ್ಲ. ವೈಫೈ ಹೆಸರು ಬದಲಿಸಿಕೊಳ್ಳಿ, ಸಂತೋಷವಾಗಿರಿ ಅನ್ನುವಷ್ಟೇ ಅಧಿಕಾರ. ಮಿಕ್ಕಿದ್ದಕ್ಕೆಲ್ಲ ಕಂಪನಿಯ ಬೇರೆ ಪಾಸ್‌ವರ್ಡ್ ಬೇಕು. ಫೋನ್ ಮಾಡಿದೆ. 'ಸೆಕ್ಯುರಿಟಿ ರೀಸನ್ ಸಾರ್, ಕೊಡಕ್ಕಾಗಲ್ಲ' ಅಂದಳು ಆ ತಾಯಿ. ಸರಿ ಹಾಗಾದ್ರೆ ವಾಪಸ್ ತಗೊಳ್ಳಿ ಅಂದೆ. ಏಳನೇ ಟಿಕೆಟ್ ರೈಸ್ ಆಯಿತು.

ಇದಕ್ಕೊಂದು ಪುರಾಣವಿದೆ, ಹುಡುಗ ಹೇಳಿದ್ದು. 2002ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಅನ್ನುವ ನೀಲಿ ಕಪ್ಪು ರೂಟರ್ ಪೆಟ್ಟಿಗೆ ತಂದಿತು. ಒಳಗೆ ಬಿಚ್ಚಿ ನೋಡಿದವರಿಗೆ ಯಾರು ಬೇಕಾದರೂ ಬಳಸಬಹುದಾದ ಲಿನಕ್ಸ್ ಎಂಬ ತಂತ್ರಾಂಶ ಕಂಡಿತು. ಲಿನಕ್ಸ್ ಹಾಕಿ ಮಾರಿದರೆ ಅದರ ಮೂಲ ಕೋಡನ್ನೂ ಜನರಿಗೆ ಕೊಡಬೇಕೆಂಬ ಷರತ್ತಿದೆ. ಜನ ಬೆನ್ನುಬಿಡದೆ ಕೇಳಿದರು, 2003ರಲ್ಲಿ ಕಂಪನಿ ಕೊಟ್ಟಿತು. ಆ ಕೋಡಿನಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನುವ, ರೂಟರಿಗೆ ನಾವೇ ಹಾಕಿಕೊಳ್ಳಬಹುದಾದ ತಂತ್ರಾಂಶ ಹುಟ್ಟಿತು, ಹಳೇ ರೂಟರುಗಳು ಎದ್ದು ಕುಣಿದವು. ಕಂಪನಿ ಏನು ಮಾಡಿತು ಗೊತ್ತೇ? 2005ರಲ್ಲಿ ಅದೇ ಪೆಟ್ಟಿಗೆಯೊಳಗಿನ ಮೆಮೊರಿಯನ್ನು ಅರ್ಧಕ್ಕಿಳಿಸಿ, ಲಿನಕ್ಸ್ ಕಿತ್ತುಹಾಕಿತು. ಆಮೇಲೆ ಹಳೆಯ ಸ್ವರೂಪಕ್ಕೇ ಹೆಸರಿನ ತುದಿಗೆ ಒಂದು 'ಎಲ್' ಸೇರಿಸಿ ಹೆಚ್ಚಿನ ಬೆಲೆಗೆ ಮಾರಿತು. ಕಾಫಿಗೆ ನೀರು ಬೆರೆಸಿ, 'ಸ್ಟ್ರಾಂಗ್ ಬೇಕಾದರೆ ಎಕ್ಸ್‌ಟ್ರಾ' ಅನ್ನುವ ನಮ್ಮ ಬೀದಿ ಕೊನೆಯ ಹೋಟೆಲಿನವನು ಎಷ್ಟೋ ವಾಸಿ. ಅವನು ಕಣ್ಣೆದುರೇ ಬೆರೆಸುತ್ತಾನೆ.

ಇಷ್ಟಾದ ಮೇಲೆ ಗುಜರಿಯವನಿಗೆ ತೋರಿಸಿದೆ, ಸುಮ್ಮನೆ ರೇಟು ಕೇಳಲು. ಅಂಗೈಯಲ್ಲೇ ತೂಗಿ 'ಏನ್ ಸಾರ್ ಇದು, ಮೋಡಮ್ಮಾ?' ಅಂದ. ಮಳೆ ತರಿಸುವ ಯಾವುದೋ ಗ್ರಾಮದೇವತೆಯ ಹೆಸರಿನಂತೆ ಕೇಳಿಸಿತು. 'ಐದ್ ರೂಪಾಯಿ ಕೊಡ್ತೀನಿ.' ಕಂಪನಿ ಪ್ರಕಾರ 1,500, ಗುಜರಿಯವನ ಪ್ರಕಾರ ಈ ಮೋಡಮ್ಮನ ಬೆಲೆ 5. ಕಸದ ಆಟೋದವಳು ಹಸಿ ಕಸ ಬೇರೆ ಒಣ ಕಸ ಬೇರೆ ಅಂತ ನನಗೆ ಎರಡು ವರ್ಷ ಪಾಠ ಮಾಡಿದವಳು. ಇದನ್ನು ನೋಡಿ, 'ಇದು ಎರಡೂ ಅಲ್ಲ, ಒಳಗಿಟ್ಕೊಳಿ' ಅಂದಳು.

ಕಾನೂನು ಇಲ್ಲವೇ ಅಂದರೆ, ಭರ್ಜರಿಯಾಗಿದೆ. 2022ರ ಇ-ತ್ಯಾಜ್ಯ (ಎಲೆಕ್ಟ್ರಾನಿಕ್ ಕಸ) ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು 21 ಬಗೆಯ ಸಾಮಾನಿದ್ದ ಪಟ್ಟಿ ಈಗ 106ಕ್ಕೆ ಏರಿದೆ, ರೂಟರಿಗೂ ಅದರಲ್ಲಿ ಜಾಗ ಸಿಕ್ಕಿದೆ. ತಯಾರಕರಿಗೆ ಮರುಬಳಕೆಯ ಗುರಿ ಮೊದಲ ಎರಡು ವರ್ಷ ಶೇ 60, ಆಮೇಲೆರಡು ವರ್ಷ ಶೇ 70, 2027-28ರಿಂದ ಶೇ 80. ನನ್ನ ರೂಟರನ್ನು ಅವರೇ ಬಂದು ಒಯ್ಯಬೇಕಿಲ್ಲ. ನೋಂದಾಯಿತ ಮರುಬಳಕೆ ಘಟಕದಿಂದ ಪ್ರಮಾಣಪತ್ರ ಕೊಂಡರೆ ಗುರಿ ಮುಟ್ಟಿದ ಹಾಗೆ. ಸರ್ಕಾರದ ಪೋರ್ಟಲ್ಲಿನಲ್ಲಿ ದೇಶ ಸ್ವಚ್ಛ, ಸಜ್ಜಾ ಮೇಲೆ ಮೋಡಮ್ಮ. ಬೆಂಗಳೂರಿನ ಪಕ್ಕದ ದಾಬಸ್‌ಪೇಟೆಯಲ್ಲಿ ಇ-ತ್ಯಾಜ್ಯ ಬಿಚ್ಚುವ ಕಾರ್ಖಾನೆ 2005ರಿಂದಲೇ ಇದೆ. ನನ್ನ ಮನೆ ಬಾಗಿಲಿಂದ ಅಲ್ಲಿಗೆ ಯಾವ ಗಾಡಿಯೂ ಹೋಗುವುದಿಲ್ಲ, ಅಷ್ಟೇ.

ತಮಾಷೆ ಸಾಕು. ಆ ಐದು ರೂಪಾಯಿ ತಗೊಂಡಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು ಅಂತ ನಮಗೆಲ್ಲ ಗೊತ್ತಿದೆ. ದೆಹಲಿಯ ಸೀಲಂಪುರದಂಥ ಗಲ್ಲಿಗಳಲ್ಲಿ ಬರಿಗೈಯಲ್ಲಿ ಒಡೆಯುತ್ತಾರೆ, ತಾಮ್ರಕ್ಕಾಗಿ ವೈರು ಸುಡುತ್ತಾರೆ, ಹಸಿರು ಸರ್ಕ್ಯೂಟ್ ಬೋರ್ಡನ್ನು ಆಸಿಡ್ಡಿನಲ್ಲಿ ಅದ್ದುತ್ತಾರೆ. ಆ ಹೊಗೆ ಕುಡಿಯುವವರಲ್ಲಿ ಮಕ್ಕಳೂ ಇದ್ದಾರೆ. ಯಾವ ವಸ್ತುವಿಗಾಗಿ? ಕೆಟ್ಟಿಲ್ಲ, ಸುಟ್ಟಿಲ್ಲ, ಇನ್ನೂ ಹತ್ತು ವರ್ಷ ದುಡಿಯಬಲ್ಲದು. ಒಂದು ಪಾಸ್‌ವರ್ಡ್ ಕೊಟ್ಟಿದ್ದರೆ ಮುಗಿಯುತ್ತಿತ್ತು. ಕೊಡುವುದಿಲ್ಲ, ಯಾಕೆಂದರೆ ಕೊಡು ಅಂತ ಯಾರೂ ಹೇಳಿಲ್ಲ. ಹೇಳಬೇಕಾದವರ ಮನೆಯ ಸಜ್ಜಾ ದೊಡ್ಡದಿರಬೇಕು.

ಹೋಗಲಿ ಬಿಡಿ. ಈ ನಡುವೆ ಮೇಲ್ಮನೆಯ ಶಾರದಮ್ಮನವರ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು ಕೆಟ್ಟುಹೋಯಿತು. ರಾತ್ರಿ ಎಂಟರ ಧಾರಾವಾಹಿಗೆ ಹತ್ತೇ ನಿಮಿಷ. ಅದಕ್ಕೂ 12 ವೋಲ್ಟು, ನಮ್ಮ ರೂಟರಿನದಕ್ಕೂ 12 ವೋಲ್ಟು. ಚುಚ್ಚಿ ನೋಡಿದೆ, ಪಿನ್ನು ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಶಾರದಮ್ಮ ಚಕ್ಕುಲಿ ಕೊಟ್ಟು ಕಳಿಸಿದರು. ಅಂತೂ ಆಸ್ತಿಯಲ್ಲಿ ಕಾಲುಭಾಗವಾದರೂ ಸದ್ವಿನಿಯೋಗವಾಯಿತಲ್ಲ ಅಂತ ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ.

ಮೂರನೇ ದಿನ ಬೆಲ್ಲಾಯಿತು. ಎಂಟು ತಿಂಗಳ ನಂತರ ಕಂಪನಿಯ ಹುಡುಗ, ಕೈಯಲ್ಲಿ ನನ್ನ ಏಳೂ ಟಿಕೆಟು. ಖುಷಿಯಿಂದ ಧೂಳು ಒರೆಸಿ ತಂದುಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. ಸೀಳುಗಳಲ್ಲಿ ಸಿಕ್ಕ ಊದುಬತ್ತಿ ಬೂದಿಯನ್ನು ಊದಿದ. ಕೊನೆಗೆ, 'ಅಡಾಪ್ಟರ್ ಎಲ್ಲಿ ಸಾರ್? ಸೆಟ್ ಪೂರ್ತಿ ಇಲ್ದಿದ್ರೆ ಸಿಸ್ಟಮ್ ತಗೊಳಲ್ಲ.'

ಐದು ನಿಮಿಷ ಇರಪ್ಪ ಅಂತ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಟಿವಿಯಲ್ಲಿ ಸೊಸೆಗೆ ಸತ್ಯ ಗೊತ್ತಾಗುವ ಹೊತ್ತು. ಶಾರದಮ್ಮ ಕಣ್ಣೊರೆಸಿಕೊಳ್ಳುತ್ತ, ನನ್ನತ್ತ ನೋಡದೆಯೇ, ಕೂತ್ಕೋ ಅಂತ ಕೈಸನ್ನೆ ಮಾಡಿದರು. ಕೂತೆ.