ಮನೇಲಿ ಗಂಡಸರು ಯಾರೂ ಇಲ್ವಾ ಅಂತೆ!

ಅಂಗಳಕ್ಕೆ ಇಂಟರ್‌ಲಾಕ್ ಬ್ಲಾಕ್ ಹಾಸಿದ ಕಂಟ್ರಾಕ್ಟರನ್ನ ಮನೆಯೊಳಗೆ ನೀರು ಯಾಕೆ ಬಂತು ಅಂತ ಕೇಳಿದರೆ, "ಮಳೆ ಜಾಸ್ತಿ ಬಂತು ಮೇಡಂ, ಅದಕ್ಕೆ" ಅಂದ. ತಪ್ಪೆಲ್ಲ ಮಳೆಯದ್ದಂತೆ. ಮೈಸೂರಲ್ಲಿ ಮೇ ತಿಂಗಳ ಸಂಜೆ ಮಳೆ ಬರೋದು ಇವನಿಗೆ ಹೊಸ ಸುದ್ದಿ!

ಈಗಷ್ಟೇ ಹೋದ. ಗೇಟನ್ನೂ ಪೂರ್ತಿ ಹಾಕಲಿಲ್ಲ.

ನಾನು ಆ ಎಡಗಡೆ ಮೂಲೆ ತೋರಿಸಿ ಕೇಳಿದ್ದು ಒಂದೇ ಮಾತು. ವಾಟ, ಅಂದರೆ ನೀರು ಹರಿದುಹೋಗೋ ಇಳಿಜಾರು, ಯಾವ ಕಡೆ ಕೊಟ್ಟಿದ್ದೀರಾ? ಸಂಪಿನ ಮುಚ್ಚಳದ ಹತ್ತಿರ ನೀರು ನಿಂತಿದೆ. ಅಲ್ಲಿಂದ ಹೊಸಿಲು ದಾಟಿ ಹಾಲ್‌ಗೆ ಬಂದಿದೆ. ಗೇಟಿನ ಕಡೆ ಒಂದು ಹನಿಯೂ ಹೋಗಿಲ್ಲ. 10 ಅಡಿಗೆ ಒಂದೂಕಾಲು ಇಂಚಾದರೂ ಇಳಿಜಾರು ಇರಬೇಕು, ಯಾವ ಗಾರೆ ಕೆಲಸದವರನ್ನು ಕೇಳಿದರೂ ಹೇಳುತ್ತಾರೆ. ಇಲ್ಲೂ ಇಳಿಜಾರು ಇಲ್ಲ ಅಂತಲ್ಲ. ಇದೆ. ಮನೆ ಒಳಗಡೆಗೆ.

ಅವನು ನನ್ನ ಮುಖ ಕೂಡ ನೋಡಲಿಲ್ಲ. "ಮನೇಲಿ ಗಂಡಸರು ಯಾರೂ ಇಲ್ವಾ? ಸಾರ್ ಇದ್ದಿದ್ರೆ ಅರ್ಥ ಆಗ್ತಿತ್ತು" ಅಂದ. ಅಷ್ಟರಲ್ಲಿ ಅಕ್ಕನ ಮಗ ಹುಳಿ ಡಬ್ಬ ವಾಪಸ್ ಕೊಡಲು ಬಂದ. ಸೆಕೆಂಡ್ ಪಿಯು ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಕಂಟ್ರಾಕ್ಟರ್ ಮುಖ ಅರಳಿಬಿಟ್ಟಿತು! "ಬನ್ನಿ ಸಾರ್" ಅಂತ ರಸಮಟ್ಟ (ನೆಲದ ಮಟ್ಟ ನೋಡೋ ಗುಳ್ಳೆಯ ಪಟ್ಟಿ) ತೆಗೆದು ಹುಡುಗನ ಕೈಗೇ ಕೊಟ್ಟ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಾಠ ಶುರು ಮಾಡಿದ. ಎಂ ಸ್ಯಾಂಡ್ ಹೀಗೆ, ಜಲ್ಲಿ ಪುಡಿ ಹಾಗೆ. ಹುಡುಗನ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ರಸಮಟ್ಟ. "ಓಕೆ ಅಂಕಲ್, ಓಕೆ ಅಂಕಲ್" ಅನ್ನುತ್ತಿದ್ದಾನೆ. ನೆಲಕ್ಕಿಟ್ಟರೆ ಗುಳ್ಳೆ ಓಡಿಹೋಗಿ ಗೇಟಿನ ಕಡೆ ಕೂತಿತು. ಗುಳ್ಳೆ ಹೋಗೋದು ಎತ್ತರದ ಕಡೆಗೆ. ಅಂದರೆ ಗೇಟು ಎತ್ತರ, ಮನೆ ತಗ್ಗು. ನಾನು ಬೆರಳಿಟ್ಟು ತೋರಿಸಿದೆ. "ಮೇಡಂ, ಒಂಚೂರು ಸುಮ್ನಿರಿ, ಸಾರ್‌ಗೆ ಹೇಳ್ತಾ ಇದೀನಿ ಅಲ್ವಾ?"

ಒಂಚೂರು ಸುಮ್ನಿರಬೇಕಂತೆ! ನನ್ನ ಅಂಗಳದಲ್ಲಿ, ನನ್ನ ಪಿಎಫ್ ದುಡ್ಡಲ್ಲಿ ಹಾಸಿದ ಇಂಟರ್‌ಲಾಕ್ ಮೇಲೆ ನಿಂತು ನನಗೇ ಹೇಳುತ್ತಾನೆ. ಎದುರು ಮನೆ ಆಂಟಿ ಬಟ್ಟೆ ಒಣಹಾಕುತ್ತಾ ಎಲ್ಲ ನೋಡುತ್ತಿದ್ದರು. ಒಂದೇ ಟವೆಲ್ಲನ್ನು ಎಷ್ಟು ಸಲ ಕೊಡವಿದರೋ ದೇವರಿಗೇ ಗೊತ್ತು.

ಆಮೇಲೆ ನಾನೇನು ಮಾಡಿದೆ ಗೊತ್ತಾ? ಕಾಫಿ ಕೊಟ್ಟೆ. ಅವನಿಗೆ! ಡಿಕಾಕ್ಷನ್ ಗಟ್ಟಿಯಾಗಿ ಹಾಕಿ. ಸಕ್ಕರೆ ಸಾಕಾ ಅಂತ ಬೇರೆ ಕೇಳಿದೆ. ಈ ಬಾಯಿಗೆ ಏನಾಗಿದೆಯೋ.

ಕಾರು ನಿಲ್ಲಿಸುವ ಜಾಗಕ್ಕೆ 80 ಎಂಎಂ ದಪ್ಪದ ಬ್ಲಾಕ್ ಅಂತ ಕೊಟೇಶನ್‌ನಲ್ಲಿದೆ. ಸ್ಕೇಲ್ ಇಟ್ಟರೆ 60. ಅಂಚಿಗೆ ಕಾಂಕ್ರೀಟೇ ಕಟ್ಟಿಲ್ಲ, ಚಕ್ರ ಹತ್ತಿದಾಗೆಲ್ಲ ಬ್ಲಾಕುಗಳು ಪಕ್ಕಕ್ಕೆ ಸರಿಯುತ್ತಿವೆ. ಅದಕ್ಕೆ "ಎಲ್ಲಾ ಕಡೆ ಹೀಗೇ ಹಾಕೋದು" ಅಂತಾನೆ. ಎಲ್ಲಾ ಕಡೆ ಅಂದರೆ ಎಲ್ಲಿ ಸ್ವಾಮಿ? ಒಂದು ಮನೆ ತೋರಿಸಿ.

ಹೋಗಲಿ ಬಿಡಿ. ನೀರು ತಾನೇ? ವೈಪರ್ ಹಿಡಿದು ತಳ್ಳಿದರಾಯ್ತು. ಮೋಡ ಕಂಡರೆ ಆಫೀಸಿಂದ ಓಡಿ ಬಂದರಾಯ್ತು. ರಾತ್ರಿ ಎಲ್ಲರೂ ಸೀರಿಯಲ್ ನೋಡಿದರೆ ನಾನು ಇಂಟರ್‌ಲಾಕ್ ಹಾಕೋ ವಿಡಿಯೊ ನೋಡುತ್ತೇನೆ. ನೆಲ ತಟ್ಟಿ ಗಟ್ಟಿ ಮಾಡೋ ಕಂಪ್ಯಾಕ್ಟರ್ ಸದ್ದು ಕೇಳಿದರೇನೇ ಈಗ ನಿದ್ದೆ.

ಇಲ್ಲ, ಬಿಡಲ್ಲ. ಯಾಕೆ ಬಿಡಬೇಕು? ಬಿಲ್ ಕೇಳಿದ್ದಕ್ಕೆ "18 ಪರ್ಸೆಂಟ್ ಜಿಎಸ್‌ಟಿ ಸುಮ್ನೆ ಯಾಕೆ ಕಟ್ತೀರಾ" ಅಂದವನು ಇವನೇ. ಈಗ ನನ್ನ ಹತ್ತಿರ ಇರೋದು ವಾಟ್ಸಾಪ್ ಕೊಟೇಶನ್, ಯುಪಿಐ ಸ್ಕ್ರೀನ್‌ಶಾಟ್, ಒದ್ದೆ ಕಾಲೊರೆಸು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದೊಳಗಿನ ಕೆಲಸಕ್ಕೆ ದೂರು ಶುಲ್ಕ ಇಲ್ಲ, 2 ವರ್ಷದೊಳಗೆ ಹಾಕಬೇಕು, ಅದೆಲ್ಲ ಗೊತ್ತು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಅಂತಲೂ ಹೇಳಬೇಡಿ, ಅದೂ ಗೊತ್ತು. ಬಿಲ್ ಇಲ್ಲದೆ, ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಇಂಥವರ ಕೈಯಿಂದ ದುಡ್ಡು ವಾಪಸ್ ತಗೊಂಡವರು ಯಾರಾದರೂ ಇದ್ದೀರಾ? ಒಬ್ಬರಾದರೂ ಉತ್ತರ ಕೊಡಿ. ವಾಸ್ತು ಹೇಳುವವರು ದಯವಿಟ್ಟು ಬೇಡ.

ಇದನ್ನು ಬರೆಯುತ್ತಿರುವಾಗಲೇ ಅಕ್ಕನ ಮಗನ ಫೋನು. "ಚಿಕ್ಕಮ್ಮಾ, ಆ ಅಂಕಲ್ ನಂಗೆ ಮೆಸೇಜ್ ಹಾಕಿದಾರೆ. ಬ್ಯಾಲೆನ್ಸ್ ಯಾವಾಗ ಕೊಡ್ತೀರಾ ಸಾರ್ ಅಂತ." ನಂಬರ್ ಯಾಕೋ ಕೊಟ್ಟೆ ಅಂದರೆ, "ಕೇಳಿದ್ರು, ಕೊಟ್ಟೆ" ಅಂತಾನೆ.