ವಕಾಲತ್ತು ವಾಪಸ್ ಕೊಟ್ಟ ಆ ದಿನ

ಹೆಸರಾಂತ ಸಂವಿಧಾನ ವಕೀಲ ನಾನಿ ಪಾಲ್ಖಿವಾಲಾ ಬಗ್ಗೆ ನೀವು ಬರೆದ ಲೇಖನ ಓದಿ ಖುಷಿಯಾಯಿತು. ಆದರೆ ಅವರು ಇಂದಿರಾ ಗಾಂಧಿಯವರ ವಕೀಲರೂ ಆಗಿದ್ದರು ಎಂಬ ಒಂದೇ ಸಾಲಿನಲ್ಲಿ 1975ರ ಜೂನ್ ಮುಗಿಸಿಬಿಟ್ಟಿದ್ದೀರಿ. ಅಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕಿತ್ತು, ಅಲ್ವಾ?

ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಪ್ರಧಾನಿಯ ಆಯ್ಕೆಯನ್ನೇ ರದ್ದು ಮಾಡಿತು. ಸುಪ್ರೀಂ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಲು ಇಂದಿರಾ ನಂಬಿದ್ದು ಪಾಲ್ಖಿವಾಲಾರನ್ನು. ಎರಡೇ ವರ್ಷದ ಹಿಂದೆ ಮುಗಿದ ಕೇಶವಾನಂದ ಭಾರತಿ ಕೇಸಿನಲ್ಲಿ (ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಸು) ಇಂದಿರಾ ಸರ್ಕಾರದ ಸಂವಿಧಾನ ತಿದ್ದುಪಡಿಗಳ ವಿರುದ್ಧ ವಾದಿಸಿದ್ದವರು! ಜೂನ್ 24ಕ್ಕೆ ಷರತ್ತಿನ ತಡೆಯಾಜ್ಞೆ ಸಿಕ್ಕಿತು. ಮರುದಿನ ರಾತ್ರಿ ತುರ್ತು ಪರಿಸ್ಥಿತಿ. ಪಾಲ್ಖಿವಾಲಾ ಕೇಸು ವಾಪಸ್ ಕೊಟ್ಟುಬಿಟ್ಟರು. ಅಂಥ ಹೊತ್ತಿನಲ್ಲಿ ಪ್ರಧಾನಿಗೆ ಒಲ್ಲೆ ಎನ್ನಲು ಎಷ್ಟು ಗಟ್ಟಿ ಎದೆ ಬೇಕು! ಅದೇ ನವೆಂಬರಿನಲ್ಲಿ ಕೇಶವಾನಂದ ತೀರ್ಪನ್ನು ಮತ್ತೆ ನೋಡಲು 13 ನ್ಯಾಯಮೂರ್ತಿಗಳ ಪೀಠ ಕೂತಿತು. ಅದರೆದುರು ನಿಂತು ವಾದಿಸಿದವರೂ ಇವರೇ. ಕೆಲವೇ ದಿನದಲ್ಲಿ ಪೀಠ ವಿಸರ್ಜನೆಯಾಯಿತು.

ಮುಂಬೈ ಕನ್ನಡಿಗರಾದ ನಮಗೆ ಇನ್ನೊಂದು ನಂಟಿದೆ. ಆ ಕೇಸು ಹಾಕಿದ್ದ ಕೇಶವಾನಂದ ಭಾರತಿ ಸ್ವಾಮಿಗಳು ಕಾಸರಗೋಡಿನ ಎಡನೀರು ಮಠದವರಾಗಿದ್ದರು. ನನ್ನ ಅಪ್ಪನೂ ಆ ಕಡೆಯವರೇ. ಹಗಲು ಮುಂಬೈನ ಫೋರ್ಟ್‌ ಬಡಾವಣೆಯ ಉಡುಪಿ ಹೋಟೆಲಿನಲ್ಲಿ ಕೆಲಸ, ಆಮೇಲೆ ಕನ್ನಡ ರಾತ್ರಿಶಾಲೆ. ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಕೇಂದ್ರ ಬಜೆಟನ್ನು ಜನರಿಗೆ ಬಿಡಿಸಿ ಹೇಳುವ ಪಾಲ್ಖಿವಾಲಾ ಭಾಷಣ ಇದ್ದ ದಿನ ರಜೆ ಹಾಕಿ ಹೋಗುತ್ತಿದ್ದರು. ಅಷ್ಟು ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಆದರೂ "ನಮ್ಮ ಮಠದ ಕೇಸು ನಡೆಸಿದವರು ಮಾರಾಯಾ" ಎಂದು ಹೇಳುವಾಗಿನ ಅಪ್ಪನ ಮುಖ ಈಗಲೂ ಕಣ್ಣಮುಂದಿದೆ.

ಪಾಲ್ಖಿವಾಲಾರಿಗೆ ಚಿಕ್ಕಂದಿನಲ್ಲಿ ತೊದಲು ಇತ್ತು. ನನಗೂ ಇತ್ತು. ಅಪ್ಪ ಅದನ್ನು ಹೇಳಿಯೇ ನನ್ನನ್ನು ಶಾಲೆಯ ಭಾಷಣ ಸ್ಪರ್ಧೆಗೆ ಕಳಿಸಿದ್ದರು. ಆ ವಿಷಯವನ್ನೂ ದಯವಿಟ್ಟು ಲೇಖನಕ್ಕೆ ಸೇರಿಸಿ.